ಹೊಲ, ಕಣಗಳಲ್ಲಿ ಆಗುವ ಗಾಯ, ಕಾಯಿಲೆಗಳ ದಾಖಲೆ: ಏಕೆ? ಹೇಗೆ?

ಬಿತ್ತನೆ ಮಾಡಿದ ದಿನ, ಬಿದ್ದ ಮಳೆ, ಹಾಕಿದ ಗೊಬ್ಬರ, ಡೇರಿಗೆ ಕೊಟ್ಟ ಹಾಲು, ಆಳುಗಳಿಗೆ ಕೊಟ್ಟ ಕೂಲಿ ಇವೆಲ್ಲವನ್ನೂ ಬರೆದಿಡುವ ರೈತರು ನಮ್ಮಲ್ಲಿ ಅನೇಕರಿದ್ದಾರೆ. ಲೆಕ್ಕವಿಲ್ಲದ ಬೇಸಾಯದಲ್ಲಿ ಲಾಭ ನಷ್ಟ ತಿಳಿಯದು ಎಂಬುದು ಅವರಿಗೆ ಮನದಟ್ಟಾಗಿದೆ. ಆದರೆ ಅದೇ ಪುಸ್ತಕದಲ್ಲಿ ಒಂದು ವಿಷಯ ಮಾತ್ರ ಸಾಮಾನ್ಯವಾಗಿ ಕಾಣಸಿಗುವುದಿಲ್ಲ. ಕಳೆದ ಸುಗ್ಗಿಯಲ್ಲಿ ಒಕ್ಕಣೆ ಯಂತ್ರಕ್ಕೆ ಯಾರ ಬೆರಳು ಸಿಕ್ಕಿತು, ಔಷಧಿ ಹೊಡೆದು ಬಂದ ರಾತ್ರಿ ಯಾರಿಗೆ ವಾಂತಿಯಾಯಿತು, ಅಡಿಕೆ ಮರದಿಂದ ಬಿದ್ದವರು ಎಷ್ಟು ದಿನ ಕೆಲಸಕ್ಕೆ ಬರಲಾಗಲಿಲ್ಲ ಎಂಬುದನ್ನು ಬರೆದಿಟ್ಟವರು ಬಹಳ ಕಡಿಮೆ.

ಕಾರ್ಖಾನೆಯಲ್ಲಿ ಇಂಥದ್ದಕ್ಕೆ ಅಪಘಾತದ ರಿಜಿಸ್ಟರು ಇರುತ್ತದೆ. ಹೊಲದಲ್ಲಿ ನಡೆದದ್ದು ನಾಲ್ಕು ದಿನ ಊರಿನ ಬಾಯಲ್ಲಿದ್ದು ಮರೆತುಹೋಗುತ್ತದೆ. ಹೀಗೆ ಮರೆತುಹೋದ ಗಾಯಕ್ಕೆ ಮುಂದೆ ಪರಿಹಾರ ಕೇಳುವುದು ಕಷ್ಟ, ವಿಮೆಯ ಹಣ ಪಡೆಯುವುದು ಕಷ್ಟ, ಅದೇ ಅಪಘಾತ ಮತ್ತೆ ಆಗದಂತೆ ತಡೆಯುವುದು ಇನ್ನೂ ಕಷ್ಟ. ಆದ್ದರಿಂದ ಕೆಲಸದ ವೇಳೆ ಆಗುವ ಗಾಯ ಮತ್ತು ಕಾಯಿಲೆಗಳನ್ನು ಆಯಾ ದಿನವೇ ಬರೆದಿಡುವುದು ಬೇಸಾಯದ ಒಂದು ಅಂಗವೆಂದೇ ತಿಳಿಯಬೇಕು. ಇದರ ಬಗ್ಗೆ ಕಾನೂನು ಏನು ಹೇಳುತ್ತದೆ ಮತ್ತು ಸಾಮಾನ್ಯ ರೈತ ಮನೆಯಲ್ಲಿ ಇದನ್ನು ಹೇಗೆ ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ದಾಖಲೆಯಿಂದ ಯಾರಿಗೆ ಏನು ಪ್ರಯೋಜನ?

ಮೊದಲನೆಯದಾಗಿ ಗಾಯಗೊಂಡ ಕೂಲಿಯಾಳಿಗೆ. ಆತನಿಗೆ ಬರಬೇಕಾದ ಪರಿಹಾರವಾಗಲಿ ವಿಮೆಯಾಗಲಿ ಸಿಗುವುದು ‘ಇಂಥ ದಿನ, ಇಂಥ ಕೆಲಸ ಮಾಡುವಾಗ, ಹೀಗೆ ಆಯಿತು’ ಎಂಬುದು ರುಜುವಾತಾದರೆ ಮಾತ್ರ. ಆರು ತಿಂಗಳ ಮೇಲೆ ಸಾಕ್ಷಿಗಳನ್ನು ಹುಡುಕಿಕೊಂಡು ಹೋಗುವುದಕ್ಕಿಂತ ಆ ದಿನದ ನಾಲ್ಕು ಸಾಲು ಹೆಚ್ಚು ತೂಕದವು.

ಎರಡನೆಯದಾಗಿ ಜಮೀನಿನ ಒಡೆಯನಿಗೆ. ಕೊಡಿಸಿದ ಚಿಕಿತ್ಸೆ, ಖರ್ಚು ಮಾಡಿದ ಹಣ, ಆಳಿಗೆ ಕೊಟ್ಟಿದ್ದ ಸೂಚನೆ, ಯಂತ್ರದ ಮೇಲೆ ರಕ್ಷಣಾ ತಗಡು ಇತ್ತೆಂಬ ಸಂಗತಿ ಇವೆಲ್ಲ ಬರಹದಲ್ಲಿದ್ದರೆ ಮುಂದೆ ವ್ಯಾಜ್ಯ ಬಂದಾಗ ಆತನಿಗೂ ಆಸರೆ.

ಮೂರನೆಯದಾಗಿ ಮುಂದಿನ ಸುಗ್ಗಿಗೆ. ಎರಡು ಮೂರು ವರ್ಷಗಳ ದಾಖಲೆಯನ್ನು ಒಟ್ಟಿಗೆ ನೋಡಿದಾಗ ಅಪಘಾತಗಳು ಯಾವ ಯಂತ್ರದಲ್ಲಿ, ಯಾವ ಹೊತ್ತಿನಲ್ಲಿ, ಯಾವ ಕಾರಣದಿಂದ ಆಗುತ್ತಿವೆ ಎಂಬುದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಕಾನೂನು ಏನು ಹೇಳುತ್ತದೆ?

ಇಬ್ಬರು ಆಳುಗಳನ್ನು ಕರೆದು ಕೆಲಸ ಮಾಡಿಸುವ ರೈತ ತನ್ನನ್ನು ‘ಮಾಲೀಕ’ ಎಂದು ಭಾವಿಸುವುದಿಲ್ಲ. ಕಾನೂನಿನ ದೃಷ್ಟಿ ಬೇರೆ. ಕೂಲಿ ಕೊಟ್ಟು ಕೆಲಸ ಮಾಡಿಸಿಕೊಳ್ಳುವವನ ಮೇಲೆ ಅದು ಕೆಲವು ಹೊಣೆಗಳನ್ನು ಹೊರಿಸುತ್ತದೆ. ಅವುಗಳಲ್ಲಿ ಬೇಸಾಯಕ್ಕೆ ಸಂಬಂಧಿಸಿದ ಮುಖ್ಯವಾದವು ಹೀಗಿವೆ.

1. ಯಂತ್ರಗಳಿಂದ ಆಗುವ ಅಪಘಾತ: ಕೆಲಸ ಮಾಡುವಾಗ ಗಾಯಗೊಂಡವರಿಗೆ ಪರಿಹಾರ ಕೊಡಿಸಲು 1923ರಲ್ಲಿಯೇ ನಮ್ಮ ದೇಶದಲ್ಲಿ ಕಾಯಿದೆಯಾಯಿತು. ಟ್ರ್ಯಾಕ್ಟರ್ ಅಥವಾ ಎಂಜಿನ್, ವಿದ್ಯುತ್ ಶಕ್ತಿಯಿಂದ ನಡೆಯುವ ಇತರ ಸಾಧನಗಳಿಂದ ಬೇಸಾಯ ಮಾಡುವಲ್ಲಿ ದುಡಿಯುವವರನ್ನು ಅದರ ಎರಡನೆಯ ಪಟ್ಟಿಯಲ್ಲಿ ಸೇರಿಸಲಾಗಿತ್ತು. ಈಗ ಆ ಕಾಯಿದೆಯ ಸ್ಥಾನದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಇದೂ ಸೇರಿ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಕೇಂದ್ರ ಸರ್ಕಾರ 2025ರ ನವೆಂಬರ್ 21ರಿಂದ ಜಾರಿಗೆ ತಂದಿತು. ಪರಿಹಾರದ ಮುಖ್ಯ ತತ್ವಗಳನ್ನು ಹೊಸ ಸಂಹಿತೆ ಹಳೆಯ ಕಾಯಿದೆಯಿಂದಲೇ ಉಳಿಸಿಕೊಂಡಿದೆ. ಪರಿಹಾರದ ಅರ್ಜಿಯನ್ನು ಅಪಘಾತವಾದ 2 ವರ್ಷಗಳೊಳಗೆ ಸಲ್ಲಿಸಬೇಕೆಂಬುದು ಅವುಗಳಲ್ಲಿ ಒಂದು. ಈ ಅವಧಿಯನ್ನು ಎಣಿಸಲು ಮೊದಲು ಬೇಕಾಗುವುದು ಅಪಘಾತದ ಸರಿಯಾದ ತಾರೀಖು ಎಂಬುದನ್ನು ಗಮನಿಸಬೇಕು.

ಗಾಯದ ವಿವರ ಎಷ್ಟು ಸೂಕ್ಷ್ಮವಾಗಿರಬೇಕು ಎಂಬುದಕ್ಕೆ 1923ರ ಕಾಯಿದೆಯ ಮೊದಲ ಪಟ್ಟಿಯೇ ಸಾಕ್ಷಿ. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡಾ 30ರಷ್ಟು ನಷ್ಟವೆಂದು ಅದರಲ್ಲಿ ಎಣಿಸಲಾಗಿತ್ತು. ತೋರುಬೆರಳು ಪೂರ್ತಿ ಹೋದರೆ ಶೇಕಡಾ 14, ಎರಡು ಗೆಣ್ಣು ಹೋದರೆ 11, ಒಂದೇ ಗೆಣ್ಣು ಹೋದರೆ 9. ಹೊಸ ಸಂಹಿತೆಯಲ್ಲಿಯೂ ಇಂಥ ಪಟ್ಟಿ ಇದೆ. ‘ಕೈಗೆ ಪೆಟ್ಟಾಯಿತು’ ಎಂದಷ್ಟೇ ಬರೆದರೆ ಸಾಲದು. ಯಾವ ಕೈ, ಯಾವ ಬೆರಳು, ಎಷ್ಟು ಗೆಣ್ಣು ಎಂಬುದು ಆಸ್ಪತ್ರೆಯ ಚೀಟಿಯಲ್ಲೂ ಮನೆಯ ಪುಸ್ತಕದಲ್ಲೂ ಒಂದೇ ರೀತಿ ಇರಬೇಕು.

ಒಕ್ಕಣೆ ಯಂತ್ರಗಳು ಹಳ್ಳಿಗಳಲ್ಲಿ ಹರಡಿದಂತೆಲ್ಲ ಕೈ ಕಳೆದುಕೊಂಡವರ ಸಂಖ್ಯೆಯೂ ಬೆಳೆಯಿತು. ಇದನ್ನು ಕಂಡೇ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ಸಂಸತ್ತು ಅಂಗೀಕರಿಸಿತು. ಶಕ್ತಿಚಾಲಿತ ಒಕ್ಕಣೆ ಯಂತ್ರವನ್ನು ಹೆಸರಿಸಿಯೇ ರಚಿಸಿದ ಈ ಕಾಯಿದೆ ಯಂತ್ರದ ತಯಾರಿಕೆ ಮತ್ತು ಮಾರಾಟದ ಜೊತೆಗೆ, ಅದನ್ನು ನಡೆಸುವವನಿಗೆ ಗಾಯವಾದಾಗ ಕೊಡಬೇಕಾದ ಪರಿಹಾರದ ವಿಷಯವನ್ನೂ ಒಳಗೊಂಡಿತ್ತು.

2. ತೋಟದ ಬೆಳೆಗಳು: ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ಬೆಳೆಗಾರರು ಇದನ್ನು ವಿಶೇಷವಾಗಿ ಗಮನಿಸಬೇಕು. ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ 2020ರ ಸಂಹಿತೆಯ ಪ್ರಕಾರ ಕಾಫಿ, ಚಹಾ, ರಬ್ಬರ್, ಏಲಕ್ಕಿ, ಸಿಂಕೋನಾ ಬೆಳೆಯುವ 5 ಹೆಕ್ಟೇರು ಅಥವಾ ಅದಕ್ಕೂ ಹೆಚ್ಚಿನ ಜಮೀನು ‘ತೋಟ’ವೆನಿಸುತ್ತದೆ. ಇಂಥ ತೋಟದಲ್ಲಿ 10 ಅಥವಾ ಹೆಚ್ಚು ಮಂದಿ ಕೆಲಸಗಾರರಿದ್ದರೆ ಸಂಹಿತೆಯ ಹೊಣೆಗಳು ಮಾಲೀಕನ ಮೇಲೆ ಬೀಳುತ್ತವೆ. ಅಪಘಾತದಿಂದ ಸಾವು ಸಂಭವಿಸಿದರೆ, ಅಥವಾ ಗಾಯಗೊಂಡವನು 48 ಗಂಟೆ ಇಲ್ಲವೇ ಅದಕ್ಕೂ ಹೆಚ್ಚು ಕಾಲ ಕೆಲಸ ಮಾಡಲಾಗದಿದ್ದರೆ, ಮಾಲೀಕನು ಗೊತ್ತುಪಡಿಸಿದ ಅಧಿಕಾರಿಗೆ ತಿಳಿವಳಿಕೆ ಪತ್ರ ಕಳುಹಿಸಬೇಕು. ಕೀಟನಾಶಕಗಳ ಸಂಪರ್ಕಕ್ಕೆ ಬರುವ ಕೆಲಸಗಾರರನ್ನು ಆಗಾಗ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಪ್ರತಿಯೊಬ್ಬರ ಆರೋಗ್ಯದ ದಾಖಲೆ ಇಡಬೇಕು, ಆ ದಾಖಲೆಯನ್ನು ನೋಡುವ ಅವಕಾಶ ಕೆಲಸಗಾರನಿಗೂ ಇರಬೇಕು. ಯಾವ ನಮೂನೆಯಲ್ಲಿ, ಎಷ್ಟು ದಿನದೊಳಗೆ ಎಂಬ ವಿವರವನ್ನು ಕಾರ್ಮಿಕ ಇಲಾಖೆಯ ಕಚೇರಿಯಿಂದ ಪಡೆಯಬಹುದು.

3. ಕೀಟನಾಶಕಗಳಿಂದ ಆಗುವ ವಿಷಬಾಧೆ: 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋರಿ ಬೆರೆತ ಆಹಾರ ಪದಾರ್ಥವನ್ನು ತಿಂದು 100ಕ್ಕೂ ಹೆಚ್ಚು ಮಂದಿ ಸತ್ತರು. ಆ ದುರಂತದ ವಿಚಾರಣೆಯ ಫಲವಾಗಿ ಮುಂದೆ 1968ರ ಕೀಟನಾಶಕಗಳ ಕಾಯಿದೆ ರೂಪುಗೊಂಡಿತು. ಕೀಟನಾಶಕದ ಬಳಕೆಯಿಂದ ಆದ ವಿಷಬಾಧೆ ತಮ್ಮ ಗಮನಕ್ಕೆ ಬಂದರೆ ಅದನ್ನು ನಿಗದಿತ ಅಧಿಕಾರಿಗೆ ವರದಿ ಮಾಡಬೇಕೆಂದು ಯಾವುದೇ ವರ್ಗದ ಜನರಿಗೆ ರಾಜ್ಯ ಸರ್ಕಾರ ಅಧಿಸೂಚನೆಯ ಮೂಲಕ ಆಜ್ಞೆ ಮಾಡಬಹುದು ಎಂದು ಈ ಕಾಯಿದೆಯ 26ನೆಯ ಕಲಂ ಹೇಳುತ್ತದೆ. 1971ರ ನಿಯಮಗಳು ಸಿಂಪರಣೆಯಲ್ಲಿ ತೊಡಗುವವರನ್ನು ಕೆಲಸಕ್ಕೆ ಹಚ್ಚುವ ಮೊದಲು ಮತ್ತು ಅನಂತರ ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕೆಂದು ವಿಧಿಸಿವೆ. ರಕ್ಷಣಾ ಉಡುಪು, ಪ್ರಥಮ ಚಿಕಿತ್ಸೆ, ಪ್ರತಿವಿಷ ಇವುಗಳ ಬಗ್ಗೆಯೂ ನಿಯಮಗಳಿವೆ.

4. ಹಾವು ಕಡಿತ: 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ವರದಿ ಮಾಡುವ ಹೊಣೆ ಆಸ್ಪತ್ರೆಗಳದು. ಆದರೆ ಕಡಿತಕ್ಕೊಳಗಾದವರು ಆಸ್ಪತ್ರೆಗೇ ಹೋಗದೆ ನಾಟಿ ಮದ್ದಿನಲ್ಲೇ ಉಳಿದರೆ ಚಿಕಿತ್ಸೆಯೂ ಇಲ್ಲ, ವರದಿಯೂ ಇಲ್ಲ.

ವಿಮೆ ಕೇಳುವುದು ಆ ದಿನದ ಚೀಟಿಯನ್ನು

ಮೇಲಿನ ಕಾನೂನುಗಳ ವ್ಯಾಪ್ತಿಗೆ ಬಾರದ ಕೆಲಸಗಳೂ ಹಳ್ಳಿಯಲ್ಲಿ ಬೇಕಾದಷ್ಟಿವೆ. ಸ್ವಂತ ಹೊಲದಲ್ಲಿ ದುಡಿಯುವ ರೈತ, ಆತನ ಮನೆಯವರು, ಮುಯ್ಯಿಗೆ ಬರುವ ನೆರೆಯವರು ಯಾರ ಕೂಲಿಯಾಳುಗಳೂ ಅಲ್ಲ. ಇಂಥವರಿಗೆ ಆಸರೆಯಾಗುವುದು ಅಪಘಾತ ವಿಮೆ. 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸುರಕ್ಷಾ ಬೀಮಾ ಯೋಜನೆಯಲ್ಲಿ 18ರಿಂದ 70 ವರ್ಷದ, ಬ್ಯಾಂಕ್ ಅಥವಾ ಅಂಚೆ ಖಾತೆಯುಳ್ಳವರು ಸೇರಬಹುದು. 2022ರ ಜೂನ್‌ನಿಂದ ವರ್ಷಕ್ಕೆ ಇದರ ಕಂತು 20 ರೂಪಾಯಿ. ಅಪಘಾತದಲ್ಲಿ ಸತ್ತರೆ 2 ಲಕ್ಷ, ಎರಡೂ ಕೈ, ಎರಡೂ ಕಾಲು ಅಥವಾ ಎರಡೂ ಕಣ್ಣು ಹೋದರೆ 2 ಲಕ್ಷ, ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಪೂರ್ತಿ ಹೋದರೆ 1 ಲಕ್ಷ ರೂಪಾಯಿ ದೊರೆಯುತ್ತದೆ. ಒಂದೆರಡು ಬೆರಳು ಹೋದದ್ದಕ್ಕೆ ಇದರಲ್ಲಿ ಹಣವಿಲ್ಲ.

ಈ ಯೋಜನೆಯ ನಿಯಮವೊಂದನ್ನು ರೈತರು ಚೆನ್ನಾಗಿ ನೆನಪಿಡಬೇಕು. ವಾಹನ ಅಪಘಾತ, ನೀರಿನಲ್ಲಿ ಮುಳುಗಿ ಸಾವು ಮುಂತಾದವನ್ನು ಪೊಲೀಸರಿಗೆ ತಿಳಿಸಿರಬೇಕು. ಹಾವು ಕಡಿತ, ಮರದಿಂದ ಬೀಳುವುದು ಮುಂತಾದವಕ್ಕೆ ಕೂಡಲೇ ಆಸ್ಪತ್ರೆಯಲ್ಲಿ ಆದ ದಾಖಲೆಯ ಬೆಂಬಲವಿರಬೇಕು. ಅಂದರೆ ಆಸ್ಪತ್ರೆಗೆ ಒಯ್ಯದೆ ಮನೆಯಲ್ಲೇ ತೀರಿಕೊಂಡವನ ಕುಟುಂಬ ಕಂತು ಕಟ್ಟಿಯೂ ಹಣವನ್ನು ಕಳೆದುಕೊಳ್ಳುವ ಸಂಭವವಿದೆ.

ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬಹುದು?

ಬೇಸಾಯದಲ್ಲಿ ಮುಳ್ಳು ಚುಚ್ಚುವುದು, ಕುಡುಗೋಲು ತಾಗುವುದು ದಿನನಿತ್ಯದ ಮಾತು. ಎಲ್ಲವನ್ನೂ ಬರೆಯಲು ಹೊರಟರೆ ಎರಡೇ ವಾರದಲ್ಲಿ ಬೇಸರ ಬರುತ್ತದೆ. ಇದಕ್ಕೊಂದು ಒರೆಗಲ್ಲು ಬೇಕು. ಅಮೆರಿಕ ದೇಶದಲ್ಲಿ ಮಾಲೀಕರು ಇಡಬೇಕಾದ ಗಾಯ, ಕಾಯಿಲೆಗಳ ದಾಖಲೆಗೆ ಅನುಸರಿಸುವ ಒರೆಗಲ್ಲು ಸರಳವಾಗಿದೆ. ಪ್ರಥಮ ಚಿಕಿತ್ಸೆಯಲ್ಲೇ ಮುಗಿದದ್ದನ್ನು ಬರೆಯಬೇಕಿಲ್ಲ. ಅದಕ್ಕೂ ಮೀರಿದ ಚಿಕಿತ್ಸೆ ಬೇಕಾದರೆ, ಕೆಲಸದ ದಿನ ತಪ್ಪಿದರೆ, ಕೆಲಸವನ್ನು ಬದಲಿಸಬೇಕಾದರೆ, ಪ್ರಜ್ಞೆ ತಪ್ಪಿದರೆ ಅಥವಾ ಸಾವು ಸಂಭವಿಸಿದರೆ ಬರೆಯಬೇಕು. ಅಲ್ಲಿ ಈ ದಾಖಲೆಗಳನ್ನು 5 ವರ್ಷ ಕಾಪಾಡಬೇಕೆಂಬ ನಿಯಮವೂ ಇದೆ. ಆ ಕಾನೂನು ನಮಗೆ ಅನ್ವಯಿಸದಿದ್ದರೂ ಒರೆಗಲ್ಲು ನಮಗೂ ಉಪಯುಕ್ತ. ನಮ್ಮ ಹೊಲಗಳಿಗೆ ಹೊಂದುವಂತೆ ಅದನ್ನು ಹೀಗೆ ಇಟ್ಟುಕೊಳ್ಳಬಹುದು.

(ಅ) ವೈದ್ಯರ ಬಳಿಗೆ ಹೋಗಬೇಕಾದ ಯಾವುದೇ ಗಾಯ.
(ಆ) ಮಾರನೆಯ ದಿನ ಕೆಲಸಕ್ಕೆ ಬರಲಾಗದಂಥ ಪೆಟ್ಟು, ನೋವು ಅಥವಾ ಕಾಯಿಲೆ.
(ಇ) ಸಿಂಪರಣೆಯ ದಿನ ಅಥವಾ ಮಾರನೆಯ ದಿನ ಬಂದ ತಲೆಸುತ್ತು, ವಾಂತಿ, ಕಣ್ಣು ಮಂಜಾಗುವಿಕೆ, ಅತಿಯಾದ ಬೆವರು ಅಥವಾ ಜೊಲ್ಲು. ಇವು ಎಷ್ಟೇ ಸಣ್ಣವಾಗಿ ಕಂಡರೂ ಬರೆಯಬೇಕು.
(ಈ) ಹಾವು ಕಡಿತ, ವಿದ್ಯುತ್ ಆಘಾತ, ಮರದಿಂದ ಅಥವಾ ಟ್ರ್ಯಾಕ್ಟರಿನಿಂದ ಬೀಳುವುದು. ಮೇಲೆ ಗಾಯ ಕಾಣದಿದ್ದರೂ ಬರೆಯಬೇಕು.
(ಉ) ಸ್ವಲ್ಪದರಲ್ಲಿ ತಪ್ಪಿದ ಅಪಘಾತ. ಉದಾಹರಣೆಗೆ, ಮೇವು ಕತ್ತರಿಸುವ ಯಂತ್ರಕ್ಕೆ ಸೀರೆಯ ಸೆರಗು ಸಿಕ್ಕಿ ಹರಿದು ಹೋದದ್ದು.

ನಿಧಾನವಾಗಿ ಬರುವ ಕಾಯಿಲೆಗಳು

ಗಾಯ ಕಣ್ಣಿಗೆ ಕಾಣುತ್ತದೆ. ಕೆಲಸದಿಂದ ಬರುವ ಕಾಯಿಲೆ ಹಾಗಲ್ಲ. ಅದು ‘ಪಿತ್ತ’, ‘ಉಷ್ಣ’, ‘ಬಿಸಿಲಿನ ತಲೆನೋವು’ ಎಂಬ ಹೆಸರಿನಲ್ಲಿ ಮರೆಯಾಗುತ್ತದೆ. ಇಂಥ ಕಡೆಯೇ ದಾಖಲೆಯ ನಿಜವಾದ ಬೆಲೆ ತಿಳಿಯುವುದು.

ರಂಜಕಯುಕ್ತ ಮತ್ತು ಕಾರ್ಬಮೇಟ್ ಗುಂಪಿನ ಕೀಟನಾಶಕಗಳು ಚರ್ಮದ ಮೂಲಕವೂ ಉಸಿರಿನ ಮೂಲಕವೂ ದೇಹವನ್ನು ಸೇರಿ, ನರಗಳ ಕೆಲಸಕ್ಕೆ ಅತ್ಯಗತ್ಯವಾದ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತವೆ. ರಂಜಕಯುಕ್ತ ಔಷಧಿಯಿಂದ ಕುಗ್ಗಿದ ಕಿಣ್ವ ಮತ್ತೆ ಮೊದಲಿನ ಮಟ್ಟಕ್ಕೆ ಬರಲು ವಾರಗಟ್ಟಲೆ ಬೇಕಾಗಬಹುದು. ಸತತವಾಗಿ ಹತ್ತು ಹದಿನೈದು ದಿನ ಸಿಂಪರಣೆಗೆ ಹೋದವನಿಗೆ ಕೊನೆಯ ದಿನ ಸ್ವಲ್ಪವೇ ಔಷಧಿ ತಾಗಿದರೂ ತೀವ್ರ ಬಾಧೆಯಾಗಬಹುದು. ಹಿಂದಿನ ದಿನಗಳಲ್ಲಿ ಆತ ಎಷ್ಟು ಬಾರಿ, ಯಾವ ಔಷಧಿ ಹೊಡೆದಿದ್ದ ಎಂಬುದು ಬರಹದಲ್ಲಿದ್ದರೆ ವೈದ್ಯರಿಗೆ ಕಾರಣ ಬೇಗ ಹೊಳೆಯುತ್ತದೆ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಸಿಂಪಡಿಸಿದ ರೈತರು ಮತ್ತು ಕೂಲಿಗಳು ನೂರಾರು ಸಂಖ್ಯೆಯಲ್ಲಿ ಆಸ್ಪತ್ರೆ ಸೇರಿ, 20ಕ್ಕೂ ಹೆಚ್ಚು ಮಂದಿ ಸತ್ತದ್ದನ್ನು ಓದುಗರು ಮರೆತಿರಲಾರರು. ಹಲವು ಔಷಧಿಗಳನ್ನು ಒಂದೇ ಡಬ್ಬದಲ್ಲಿ ಬೆರೆಸಿ ಹೊಡೆಯುವ ರೂಢಿ ಅಲ್ಲಿತ್ತು. ಅದು ನಮ್ಮಲ್ಲೂ ಇದೆ. ಬೆರೆಸಿದ್ದು ಏನೆಂದು ಹೇಳಲು ಯಾರೂ ಇಲ್ಲದಿದ್ದರೆ ವೈದ್ಯರು ಲಕ್ಷಣಗಳನ್ನಷ್ಟೇ ನೋಡಿ ಚಿಕಿತ್ಸೆ ಮಾಡಬೇಕಾಗುತ್ತದೆ. ರಂಜಕಯುಕ್ತ ಔಷಧಿಯ ಬಾಧೆಗೆ ಅಟ್ರೋಪಿನ್ ಇದೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ. ಹೀಗಿರುವಾಗ ಔಷಧಿಯ ಹೆಸರು ತಿಳಿಯುವುದು ಎಷ್ಟು ಮುಖ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಕೀಳುವವರಿಗೆ ಬೆಳಗಿನ ಹೊತ್ತು ಒದ್ದೆ ಎಲೆಗಳಿಂದ ನಿಕೋಟಿನ್ ಚರ್ಮದ ಮೂಲಕ ಒಳಸೇರಿ ತಲೆಸುತ್ತು, ವಾಂತಿ, ನಿಶ್ಶಕ್ತಿ ಬರಬಹುದು. ಪಾರ್ಥೇನಿಯಂ ಕಳೆ ಕಿತ್ತವರಲ್ಲಿ ಕೆಲವರಿಗೆ ಚರ್ಮ ಕೆಂಪಾಗಿ ತುರಿಕೆಯೇಳುತ್ತದೆ, ವರ್ಷದಿಂದ ವರ್ಷಕ್ಕೆ ಅದು ಹೆಚ್ಚುತ್ತದೆ. ಈ ಕಾಯಿಲೆಗಳು ಯಾವ ಕೆಲಸದ ಬೆನ್ನಿಗೆ ಬರುತ್ತವೆ ಎಂಬುದು ತಾರೀಖು ಹಾಕಿ ಬರೆದಾಗ ಸ್ಪಷ್ಟವಾಗುತ್ತದೆ. ಆಗ ಒದ್ದೆ ಎಲೆ ಒಣಗುವವರೆಗೆ ಕಾಯುವುದೋ, ಆಳನ್ನು ಬೇರೆ ಕೆಲಸಕ್ಕೆ ಹಚ್ಚುವುದೋ, ಕೈಗವಸು ಕೊಡುವುದೋ ಎಂಬ ಉಪಾಯವೂ ಹೊಳೆಯುತ್ತದೆ.

ದಾಖಲೆ ಪುಸ್ತಕದ ನಮೂನೆ

ಇದಕ್ಕೆ ಅಚ್ಚಾದ ರಿಜಿಸ್ಟರು ಬೇಕಿಲ್ಲ. ನೂರು ಪುಟದ ಗೆರೆ ಹಾಕಿದ ನೋಟು ಪುಸ್ತಕ ಸಾಕು. ಹಾಳೆ ಕಿತ್ತರೆ ಗೊತ್ತಾಗುವಂತೆ ಪುಟಗಳಿಗೆ ಮೊದಲೇ ಸಂಖ್ಯೆ ಹಾಕಬೇಕು. ಪ್ರತಿ ಘಟನೆಗೂ ಈ ಹತ್ತು ವಿಷಯಗಳನ್ನು ಬರೆಯತಕ್ಕದ್ದು.

1. ತಾರೀಖು, ಹೊತ್ತು.
2. ಸ್ಥಳ: ಸರ್ವೆ ನಂಬರು ಅಥವಾ ಹೊಲದ ಹೆಸರು.
3. ಗಾಯಗೊಂಡವರ ಹೆಸರು, ವಯಸ್ಸು, ಊರು.
4. ಕೆಲಸಕ್ಕೆ ಕರೆದವರು ಯಾರು, ದಿನಗೂಲಿ ಎಷ್ಟು.
5. ಮಾಡುತ್ತಿದ್ದ ಕೆಲಸ.
6. ಯಂತ್ರ ಅಥವಾ ಔಷಧಿಯ ಹೆಸರು. ಯಂತ್ರ ಯಾರದು? ಔಷಧಿಯ ತಾಂತ್ರಿಕ ಹೆಸರು, ಡಬ್ಬದ ಮೇಲಿನ ತ್ರಿಕೋನದ ಬಣ್ಣ ಯಾವುದು?
7. ಹೇಗಾಯಿತು: ಎರಡು ಮೂರು ವಾಕ್ಯ.
8. ಗಾಯದ ವಿವರ: ದೇಹದ ಯಾವ ಭಾಗ, ಎಡವೋ ಬಲವೋ.
9. ಕೊಡಿಸಿದ ಚಿಕಿತ್ಸೆ, ಆಸ್ಪತ್ರೆ, ಚೀಟಿಯ ಸಂಖ್ಯೆ, ಖರ್ಚು, ತಪ್ಪಿದ ಕೆಲಸದ ದಿನಗಳು.
10. ಕಂಡ ಇಬ್ಬರ ಹೆಸರು, ಗಾಯಗೊಂಡವರ ಅಥವಾ ಅವರ ಮನೆಯವರ ಸಹಿ ಅಥವಾ ಹೆಬ್ಬೆಟ್ಟು.

ನಾಲ್ಕನೆಯ ಮತ್ತು ಆರನೆಯ ಅಂಶಗಳನ್ನು ಅನೇಕರು ಬಿಟ್ಟುಬಿಡುವ ಸಂಭವವಿದೆ. ಕಣ ಒಬ್ಬರದು, ಬಾಡಿಗೆಯ ಯಂತ್ರ ಇನ್ನೊಬ್ಬರದು, ಆಳುಗಳನ್ನು ಕರೆತಂದ ಮೇಸ್ತ್ರಿ ಮತ್ತೊಬ್ಬ. ಹೀಗಿದ್ದಾಗ ಹೊಣೆ ಯಾರದೆಂಬ ಪ್ರಶ್ನೆ ಬಂದೇ ಬರುತ್ತದೆ. ದಿನಗೂಲಿ ಎಷ್ಟೆಂಬುದೂ ಮುಖ್ಯ. ಏಕೆಂದರೆ ಪರಿಹಾರವನ್ನು ಲೆಕ್ಕ ಹಾಕುವುದು ಕೂಲಿಯ ಆಧಾರದ ಮೇಲೆ.

ತ್ರಿಕೋನದ ಬಣ್ಣ ವಿಷದ ತೀವ್ರತೆಯನ್ನು ತೋರಿಸುತ್ತದೆ. ಕೆಂಪು ಅತಿ ಹೆಚ್ಚು ವಿಷ, ಹಳದಿ ಹೆಚ್ಚು, ನೀಲಿ ಮಧ್ಯಮ, ಹಸಿರು ಕಡಿಮೆ.

ಹೇಗೆ ಬರೆಯಬಹುದೆಂಬುದಕ್ಕೆ ಒಂದು ಕಾಲ್ಪನಿಕ ಮಾದರಿಯನ್ನು ಕೊಡಲಾಗಿದೆ:

“ಡಿಸೆಂಬರ್ 12, ಸಂಜೆ 6 ಗಂಟೆ. ಊರ ಮುಂದಿನ ಕಣ. ರಾಗಿ ಒಕ್ಕಣೆ. ಯಂತ್ರ ಬಾಡಿಗೆಯದು. ತೆನೆ ಹಾಕುವ ತಗಡಿನ ದೋಣಿಗೆ ಮೇಲುಮುಚ್ಚಳ ಇರಲಿಲ್ಲ. ಕತ್ತಲಾಗಿತ್ತು, ಒಂದೇ ದೀಪವಿತ್ತು. ಹಸಿ ತೆನೆ ಸಿಕ್ಕಿಕೊಂಡದ್ದನ್ನು ಯಂತ್ರ ನಿಲ್ಲಿಸದೆ ಕೈಯಿಂದ ತಳ್ಳುವಾಗ ಬಲಗೈ ತೋರುಬೆರಳಿನ ತುದಿಯ ಒಂದು ಗೆಣ್ಣು ಹೋಯಿತು. ಬಟ್ಟೆ ಕಟ್ಟಿ 7 ಗಂಟೆಗೆ ತಾಲ್ಲೂಕು ಆಸ್ಪತ್ರೆಗೆ ಸೇರಿಸಲಾಯಿತು. ಚೀಟಿಯನ್ನು ಹಿಂದೆ ಅಂಟಿಸಿದೆ. 26 ದಿನ ಕೆಲಸ ತಪ್ಪಿತು.”

ಇಷ್ಟನ್ನು ಬರೆಯಲು ಹತ್ತು ನಿಮಿಷ ಸಾಕು. ಆದರೆ ಇದರಲ್ಲಿ ಅಪಘಾತದ ಮೂರು ಕಾರಣಗಳು ಸಿಕ್ಕಿದ್ದನ್ನು ನೋಡಿ: ಮುಚ್ಚಳವಿಲ್ಲದ ದೋಣಿ, ಸಾಲದ ಬೆಳಕು, ಹಸಿ ತೆನೆ. ‘ಅವನ ಗ್ರಹಚಾರ’ ಎಂದು ಕೈಬಿಟ್ಟಿದ್ದರೆ ಒಂದೂ ಸಿಗುತ್ತಿರಲಿಲ್ಲ.

ಅಪಘಾತವಾದ ದಿನ ಮಾಡಬೇಕಾದದ್ದು

ಮೊದಲು ಮನುಷ್ಯ, ಅನಂತರ ಪುಸ್ತಕ. ಬರೆಯುವುದಕ್ಕಾಗಿ ಚಿಕಿತ್ಸೆಯನ್ನು ಎಂದಿಗೂ ತಡಮಾಡಬಾರದು.

* ಔಷಧಿ ತಾಗಿದ್ದರೆ ಬಾಧಿತರನ್ನು ಹೊಲದಿಂದ ಹೊರಗೆ ಗಾಳಿಯಾಡುವ ಕಡೆಗೆ ತಂದು, ಬಟ್ಟೆ ತೆಗೆಸಿ, ಮೈಯನ್ನು ಸೋಪು ನೀರಿನಿಂದ ತೊಳೆಯಬೇಕು. ವೈದ್ಯರ ಸಲಹೆಯಿಲ್ಲದೆ ವಾಂತಿ ಮಾಡಿಸಬಾರದು. ಔಷಧಿಯ ಡಬ್ಬದ ಚೀಟಿ ಮತ್ತು ಜೊತೆಗೆ ಬಂದ ಮಾಹಿತಿ ಪತ್ರವನ್ನು ಆಸ್ಪತ್ರೆಗೆ ಒಯ್ಯಬೇಕು. ಅದರಲ್ಲಿ ಪ್ರತಿವಿಷದ ಹೆಸರಿರುತ್ತದೆ.
* ಹಾವು ಕಡಿದಿದ್ದರೆ ಕಡಿದ ಹೊತ್ತನ್ನು ಗುರುತು ಮಾಡಿಕೊಂಡು, ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಸರಿಯಲ್ಲ.
* ವಾಹನ ಇಲ್ಲದಿದ್ದರೆ 108ಕ್ಕೆ ದೂರವಾಣಿ ಮಾಡಬೇಕು.
* ಆಸ್ಪತ್ರೆಯಲ್ಲಿ ಗಾಯ ಹೇಗಾಯಿತೆಂಬುದನ್ನು ಇದ್ದದ್ದು ಇದ್ದಂತೆ ಹೇಳಬೇಕು. ಯಂತ್ರದಿಂದ ಆದದ್ದನ್ನು ‘ಜಾರಿ ಬಿದ್ದದ್ದು’ ಎಂದು ಬರೆಸಿದರೆ ಮುಂದೆ ಅದನ್ನು ಬದಲಾಯಿಸುವುದು ಬಹಳ ಕಷ್ಟ. ವೈದ್ಯರು ಅದನ್ನು ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೆಂದು ನಮೂದಿಸಿದರೆ ಗಾಬರಿಪಡಬೇಕಾಗಿಲ್ಲ. ಆ ನಮೂದಿನ ಸಂಖ್ಯೆಯನ್ನು ಬರೆದುಕೊಳ್ಳಬೇಕು.
* ಸಾವು ಸಂಭವಿಸಿದಲ್ಲಿ ಪೊಲೀಸ್ ಠಾಣೆಗೆ ತಿಳಿಸದೆ, ಮರಣೋತ್ತರ ಪರೀಕ್ಷೆ ಮಾಡಿಸದೆ ಅಂತ್ಯಕ್ರಿಯೆ ನಡೆಸಬಾರದು. ದುಃಖದ ಹೊತ್ತಿನಲ್ಲಿ ಈ ಮಾತು ಕಠಿಣವೆನಿಸಬಹುದು. ಆದರೆ ಉಳಿದವರ ಜೀವನಕ್ಕೆ ದಾರಿ ಇದರಿಂದಲೇ.
* ಅದೇ ದಿನ ರಾತ್ರಿಯೊಳಗೆ ಪುಸ್ತಕದಲ್ಲಿ ಬರೆದು, ಎಲ್ಲ ಚೀಟಿಗಳನ್ನು ಒಂದು ಲಕೋಟೆಯಲ್ಲಿಟ್ಟು, ಪ್ರತಿಯನ್ನು ಗಾಯಗೊಂಡವರ ಮನೆಗೂ ಕೊಡಬೇಕು. ದೂರವಾಣಿಯಲ್ಲಿ ಯಂತ್ರದ ಮತ್ತು ಸ್ಥಳದ ಛಾಯಾಚಿತ್ರ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

‘ಬರೆದರೆ ಸಿಕ್ಕಿಹಾಕಿಕೊಳ್ಳುತ್ತೇವೆ’ ಎಂಬ ಹೆದರಿಕೆ

ದಾಖಲೆಯ ಮಾತೆತ್ತಿದರೆ ರೈತರು ಮೊದಲು ಕೇಳುವ ಪ್ರಶ್ನೆ ಇದೇ. ‘ನಮ್ಮ ಕೈಯಾರೆ ಬರೆದುಕೊಟ್ಟರೆ ತಪ್ಪು ಒಪ್ಪಿಕೊಂಡಂತೆ ಆಗುವುದಿಲ್ಲವೇ?’ ಇದಕ್ಕೆ ಉತ್ತರ ಸ್ಪಷ್ಟವಾಗಿದೆ. ಕೆಲಸದಲ್ಲಿ ಆದ ಗಾಯಕ್ಕೆ ಪರಿಹಾರ ಕೊಡುವ ಕಾನೂನು ಮಾಲೀಕನ ತಪ್ಪಿದೆಯೇ ಇಲ್ಲವೇ ಎಂಬುದನ್ನು ಆಧಾರವಾಗಿಟ್ಟುಕೊಂಡಿಲ್ಲ. ಗಾಯ ಕೆಲಸದಿಂದ, ಕೆಲಸದ ವೇಳೆಯಲ್ಲಿ ಆಯಿತೇ ಎಂಬುದೇ ಅದರ ಪ್ರಶ್ನೆ. ಆದ್ದರಿಂದ ನಡೆದದ್ದನ್ನು ಬರೆಯುವುದು ತಪ್ಪೊಪ್ಪಿಗೆಯಲ್ಲ.

ಬರಹ ಮಾಲೀಕನನ್ನೂ ಕಾಯುತ್ತದೆ. ಆಳು ಮದ್ಯಪಾನ ಮಾಡಿದ್ದರಿಂದ, ಅಥವಾ ಸುರಕ್ಷತೆಗಾಗಿ ಕೊಟ್ಟ ಸೂಚನೆಯನ್ನು ಬೇಕೆಂದೇ ಮೀರಿದ್ದರಿಂದ, ಅಥವಾ ರಕ್ಷಣಾ ತಗಡನ್ನು ಬೇಕೆಂದೇ ತೆಗೆದುಹಾಕಿದ್ದರಿಂದ ಗಾಯವಾದರೆ ಮಾಲೀಕನಿಗೆ ವಿನಾಯಿತಿಯುಂಟು. ಸಾವು ಅಥವಾ ಶಾಶ್ವತ ಪೂರ್ಣ ಅಂಗವಿಕಲತೆ ಉಂಟಾದಾಗ ಮಾತ್ರ ಈ ವಿನಾಯಿತಿ ಸಿಗುವುದಿಲ್ಲ. ಆದರೆ ಸೂಚನೆ ಕೊಟ್ಟದ್ದಕ್ಕೆ, ತಗಡು ಇದ್ದದ್ದಕ್ಕೆ ಬರಹವೇ ಇಲ್ಲದಿದ್ದರೆ ಇದನ್ನು ತೋರಿಸುವುದು ಹೇಗೆ?

ಇನ್ನೊಂದು ರೂಢಿಯ ಬಗ್ಗೆ ಎಚ್ಚರ ಹೇಳಬೇಕು. ಸಾವಾದಾಗ ಊರ ಹಿರಿಯರು ಕೂತು ಒಂದು ಮೊತ್ತ ಗೊತ್ತುಮಾಡಿ, ಹಣ ಕೊಡಿಸಿ, ‘ಇಲ್ಲಿಗೆ ಮುಗಿಯಿತು’ ಎನ್ನುವುದುಂಟು. ಸಾವಿನ ಪರಿಹಾರವನ್ನು ಅಧಿಕಾರಿಯ ಬಳಿ ಠೇವಣಿ ಇಡಬೇಕೇ ಹೊರತು ನೇರವಾಗಿ ಕೊಟ್ಟದ್ದು ಪರಿಹಾರವೆನಿಸದು ಎಂಬುದು 1923ರ ಕಾಯಿದೆಯಿಂದ ಬಂದ ನಿಯಮ. ಹೊಸ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಕೈಗೆ ಕೈ ಕೊಟ್ಟ ಹಣದಿಂದ ಮಾಲೀಕನ ಹೊಣೆ ತೀರುವುದಿಲ್ಲ, ಸತ್ತವನ ಮಕ್ಕಳಿಗೆ ಸಲ್ಲಬೇಕಾದದ್ದು ಸಲ್ಲುತ್ತದೆಂಬ ಭರವಸೆಯೂ ಇಲ್ಲ.

ಆಳುಗಳಿಗೂ ಒಂದು ಹೆದರಿಕೆಯಿದೆ. ಗಾಯವಾಯಿತೆಂದು ಹೇಳಿದರೆ ನಾಳೆ ಕೆಲಸಕ್ಕೆ ಕರೆಯುವುದಿಲ್ಲವೇನೋ ಎಂದು ಅವರು ಮುಚ್ಚಿಡುತ್ತಾರೆ. ಮುಖ್ಯವಾಗಿ ಹೆಣ್ಣಾಳುಗಳು ಸಿಂಪರಣೆಗೆ ನೀರು ಹೊತ್ತು ತಂದು, ಔಷಧಿಯ ಬಟ್ಟೆ ಒಗೆದು, ಬಾಧೆಯಾದರೂ ಹೇಳುವುದಿಲ್ಲ. ಹೇಳಿದವರ ಕೆಲಸ ತಪ್ಪುವುದಿಲ್ಲವೆಂಬ ನಂಬಿಕೆಯನ್ನು ಒಡೆಯನೇ ಮೂಡಿಸಬೇಕು.

ದಾಖಲೆಯಿಂದ ಪಾಠ

ವರ್ಷಕ್ಕೊಮ್ಮೆ, ಯುಗಾದಿಯ ಹೊತ್ತಿಗೆ, ಪುಸ್ತಕವನ್ನು ತೆರೆದು ಓದಬೇಕು. ಒಕ್ಕಣೆ ಯಂತ್ರದ ಅಪಘಾತಗಳು ಎರಡು ಸಲ ಬಂದಿದ್ದರೆ ದೋಣಿಯನ್ನು ಅಳೆದು ನೋಡಿ. ತೆನೆ ಹಾಕುವ ದೋಣಿ ಕನಿಷ್ಠ 90 ಸೆಂ.ಮೀ. ಉದ್ದವಿದ್ದು, ಯಂತ್ರದ ಕಡೆಗೆ 45 ಸೆಂ.ಮೀ. ಭಾಗ ಮೇಲಿನಿಂದ ಮುಚ್ಚಿರಬೇಕು. ಆಗ ಕೈ ಹಲ್ಲುಗಳವರೆಗೆ ತಲುಪುವುದಿಲ್ಲ. ಹಳ್ಳಿಯ ಬೆಸುಗೆ ಅಂಗಡಿಯಲ್ಲಿ ಅರ್ಧ ದಿನದ ಕೆಲಸ ಇದು. ಬಿದ್ದ ಪ್ರಸಂಗಗಳೆಲ್ಲ ಮಳೆ ನಿಂತ ಬೆಳಗಿನವಾದರೆ ಮರ ಏರುವ ಹೊತ್ತನ್ನು ಬದಲಿಸಬೇಕು. ಹಾವು ಕಡಿತಗಳು ರಾತ್ರಿ ಪಂಪು ಹಾಕಲು ಹೋದಾಗಿನವಾದರೆ ಟಾರ್ಚು ಮತ್ತು ಗಂಬೂಟು ಖರೀದಿಗೆ ಬೇರೆ ಕಾರಣ ಬೇಡ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗಬಾರದೆಂದಿದ್ದರೆ ಸಣ್ಣ ಗಾಯಗಳಿಂದಲೇ ಪಾಠ ಕಲಿಯಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ಬೆಳೆ ಪ್ರಾತ್ಯಕ್ಷಿಕೆ, ಕ್ಷೇತ್ರೋತ್ಸವಗಳ ಜೊತೆಗೆ ಈ ವಿಷಯಕ್ಕೂ ಅರ್ಧ ಗಂಟೆ ಮೀಸಲಿಡುವುದು ಉಪಯುಕ್ತ. ಮೇಲಿನ ಹತ್ತು ಅಂಶಗಳ ನಮೂನೆಯನ್ನು ಪ್ರತಿ ಮಾಡಿಸಿ ರೈತ ಸಂಪರ್ಕ ಕೇಂದ್ರ, ಹಾಲಿನ ಸಂಘ ಮತ್ತು ಬಾಡಿಗೆ ಯಂತ್ರಗಳ ಕೇಂದ್ರಗಳಲ್ಲಿ ಇಡಬಹುದು. ಹಂಗಾಮಿನಲ್ಲಿ ಒಂದೇ ಊರಿನಿಂದ ಎರಡು ಮೂರು ವಿಷಬಾಧೆಯ ಸುದ್ದಿ ಬಂದರೆ ಔಷಧಿಯ ಹೆಸರು, ಬೆರೆಸಿದ ಪ್ರಮಾಣ, ಬಳಸಿದ ಪಂಪು ಇವುಗಳನ್ನು ವಿಚಾರಿಸಿ ಬರೆದುಕೊಂಡು ಕೂಡಲೇ ಕೃಷಿ ಇಲಾಖೆಯ ಮೇಲಧಿಕಾರಿಗಳಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಿಳಿಸಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಸುತ್ತಣ ಹಳ್ಳಿಯವರಿಗೆ ಜ್ವರ ಬರುತ್ತಿದೆ ಎಂಬ ವರದಿಗಳನ್ನು ಕೂಡಿಸಿ ನೋಡಿದ್ದರಿಂದಲೇ ಮಂಗನ ಕಾಯಿಲೆ ಬೆಳಕಿಗೆ ಬಂತು. ಬಿಡಿ ಬಿಡಿಯಾಗಿ ಕಂಡ ಸುದ್ದಿ ಒಂದೆಡೆ ಸೇರಿದಾಗಲೇ ಅರ್ಥ ಕೊಡುತ್ತದೆ.

ಬರುವ ಹಂಗಾಮಿಗೆ ಬೀಜ, ಗೊಬ್ಬರ ತರುವಾಗ ಅದೇ ಪೇಟೆಯಿಂದ ಒಂದು ನೋಟು ಪುಸ್ತಕವನ್ನೂ ತನ್ನಿ. ಮೊದಲ ಪುಟದಲ್ಲಿ ಹತ್ತಿರದ ಆಸ್ಪತ್ರೆಯ ಮತ್ತು ಪೊಲೀಸ್ ಠಾಣೆಯ ದೂರವಾಣಿ ಸಂಖ್ಯೆ ಬರೆಯಿರಿ, ಎರಡನೆಯ ಪುಟದಲ್ಲಿ ಮೇಲಿನ ಹತ್ತು ಅಂಶ ಬರೆಯಿರಿ. ಪುಸ್ತಕವನ್ನು ಪಂಪ್‌ಸೆಟ್ ಮನೆಯಲ್ಲೋ ನಡುಮನೆಯಲ್ಲೋ ಎಲ್ಲರಿಗೂ ಸಿಗುವಂತೆ ತೂಗುಹಾಕಿ. ಉಳಿದ ಪುಟಗಳು ಖಾಲಿಯಾಗಿಯೇ ಉಳಿದರೆ ಅದಕ್ಕಿಂತ ಒಳ್ಳೆಯ ಬೆಳೆ ಇನ್ನೊಂದಿಲ್ಲ. ತುಂಬಬೇಕಾಗಿ ಬಂದರೆ, ತಡಮಾಡದೆ, ಮುಚ್ಚಿಡದೆ ಆ ದಿನವೇ ಬರೆಯಿರಿ.